‘ಸ್ವಲ್ಪ’ ಅಂದ್ರ ಎಷ್ಟ?

ವೈದ್ಯಕೀಯ ಕಾಲೇಜಿನ ನಮ್ಮ ಬ್ಯಾಚಿನವರಿಗೆ ಫೋನ್ ಮಾಡಿ ‘ಸ್ವಲ್ಪ ಹೊತ್ತು ಬಿಟ್ಟು ಮಾತಾಡ್ತೀನಿ’ ಅಂದು ನೋಡಿ. ಆ ಕಡೆಯಿಂದ ತಕ್ಷಣ ಪ್ರಶ್ನೆ ಬರುತ್ತದೆ: ‘ಸ್ವಲ್ಪ ಅಂದ್ರ ಎಷ್ಟ?’ ಹೆರಿಗೆ ವಿಭಾಗದ ಮೇಡಂ ನಮಗೆ ಹಚ್ಚಿದ ಚಟ ಇದು. ಸಂಚಿಕೆಗೆ ಏನಾದರೂ ಬರೆದು ಕೊಡು ಅಂದಾಗ ಮೊದಲು ನೆನಪಾದದ್ದು ಅವರೇ. ಹೆಸರು ಮಾತ್ರ ಹಾಕಬಾರದು ಎಂದು ಕಟ್ಟಪ್ಪಣೆ ಆಗಿದೆ. ಅವರ ಕೈಯಲ್ಲಿ ಬೈಸಿಕೊಂಡವರಿಗೆ ಹೆಸರು ಬೇಕಾಗಿಯೂ ಇಲ್ಲ, ಅಲ್ವಾ?

‘ಸ್ವಲ್ಪ’, ‘ಸುಮಾರು’, ‘ಅಷ್ಟೇನಿಲ್ಲ’. ಈ ಮೂರು ಮಾತು ಅವರ ವಾರ್ಡಿನಲ್ಲಿ ನಡೆಯುತ್ತಿರಲಿಲ್ಲ. ರೋಗಿಗಳಿಗೂ ರಿಯಾಯಿತಿ ಇರಲಿಲ್ಲ. ಮರಾಠಿ ಮಾತಾಡುವವರು ಬಂದರೆ ‘ಥೋಡಾ ಮ್ಹಣಜೆ ಕಿತಿ?’ ಎಂದು ಅದೇ ಪ್ರಶ್ನೆ ಕೇಳುತ್ತಿದ್ದರು. ನಾವು ಹಿಂದೆ ನಿಂತು ನಗುತ್ತಿದ್ದೆವು. ನನ್ನ ನಗು 2012ರ ಮಳೆಗಾಲದಲ್ಲಿ ನಿಂತಿತು.

ಬೆಳಗಾವಿ ಮಳೆ ಗೊತ್ತಲ್ಲ, ಹಿಡಿಯಿತೆಂದರೆ ವಾರಗಟ್ಟಲೆ ಬಿಡುವುದಿಲ್ಲ. ನಾನು ಆಗ ಹೌಸ್‌ಸರ್ಜನ್. ರಾತ್ರಿ ಎರಡೂವರೆಗೆ ಖಾನಾಪುರದ ಕಡೆಯ ಒಬ್ಬ ಹೆಣ್ಣುಮಗಳಿಗೆ ಹೆರಿಗೆ ಆಯಿತು. ಮೂರನೆಯದು. ಮಗು ಜೋರಾಗಿ ಅತ್ತಿತು, ಕಸ (ಮಾಸು) ಪೂರ್ತಿ ಬಿತ್ತು. ನಾನು ಖುಷಿಯಲ್ಲಿ ಕೇಸ್ ಶೀಟ್ ಬರೆದು, ರಕ್ತಸ್ರಾವದ ಮುಂದೆ ‘ಸ್ವಲ್ಪ’ ಎಂಬ ಅರ್ಥದ ಇಂಗ್ಲಿಷ್ ಪದ ಹಾಕಿದೆ. ಆಕೆ ಚೆನ್ನಾಗಿಯೇ ಮಾತಾಡುತ್ತಿದ್ದಳು. ‘ಥಂಡಿ ಹತ್ತೇತ್ರಿ’ ಅಂದಳು. ಮಳೆ ಅಲ್ವಾ, ಇನ್ನೊಂದು ಚಾದರ ಹೊದಿಸಿದೆ.

ಬೇರೆ ಸಿಸೇರಿಯನ್‌ಗೆ ಬಂದಿದ್ದ ಮೇಡಂ ಹೋಗುವಾಗ ಒಳಗೆ ಹಣಕಿದರು. ಕೇಸ್ ಶೀಟ್ ನೋಡಿದರು. ಏನೂ ಅನ್ನಲಿಲ್ಲ. ಸೀರೆ ನೆರಿಗೆ ಎತ್ತಿ ಹಿಡಿದು, ಬಗ್ಗಿ ಮಂಚದ ಕೆಳಗೆ ನೋಡಿದರು. ನಾನೂ ಬಗ್ಗಿದೆ. ಬಕೆಟ್ಟಿನ ಆಚೆ, ಗೋಡೆಯ ತನಕ ರಕ್ತ ಹರಿದಿತ್ತು.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ‘ಹೊಟ್ಟಿ ಮ್ಯಾಲೆ ಕೈ ಇಡು’ ಅಂದರು. ಹೆರಿಗೆಯಾದ ಮೇಲೆ ಗರ್ಭಕೋಶ ತೆಂಗಿನಕಾಯಿಯಂತೆ ಗಟ್ಟಿಯಾಗಬೇಕು. ನನ್ನ ಕೈಗೆ ಸಿಕ್ಕಿದ್ದು ನಾದಿದ ಕಣಕ. ಅದು ಬಿಗಿಯದಿದ್ದರೆ ಕಸ ಅಂಟಿಕೊಂಡಿದ್ದ ಜಾಗದ ರಕ್ತನಾಳಗಳು ಮುಚ್ಚುವುದಿಲ್ಲ, ತೆರೆದ ನಲ್ಲಿಯ ಹಾಗೆ ರಕ್ತ ಹೋಗುತ್ತಲೇ ಇರುತ್ತದೆ. ಪುಸ್ತಕದಲ್ಲಿ ಓದಿ ಬರೆದು ನಾನು ಪಾಸಾಗಿದ್ದೆ. ಸಿಸ್ಟರ್ ಗರ್ಭಕೋಶ ಬಿಗಿಸುವ ಔಷಧಿ ಆಕ್ಸಿಟೋಸಿನ್ ಏರಿಸಿದರು. ನಾನು ಹೊಟ್ಟೆ ತಿಕ್ಕುತ್ತಲೇ ನಿಂತೆ. ಹೊಟ್ಟೆ ಗಟ್ಟಿಯಾಗುವ ಹೊತ್ತಿಗೆ ನನ್ನ ಕೈ ಸೋತು ಹೋಗಿತ್ತು.

ಆಕೆ ಒಂದು ಹಂತಕ್ಕೆ ಬಂದ ಮೇಲೆ ಮೇಡಂ ಕಪಾಟಿನಿಂದ ಒಂದು ತೂಕದ ಯಂತ್ರ ತೆಗೆದರು. ಅಡುಗೆ ಮನೆಯಲ್ಲಿ ಹಿಟ್ಟು ತೂಗುವಂಥದ್ದು. ಖಡೇಬಜಾರದಲ್ಲಿ ಅವರೇ ಕೊಂಡು ತಂದದ್ದು. ‘ಒಣಾ ಬಟ್ಟಿ ಇಡು.’ 60 ಗ್ರಾಂ. ‘ಈಗ ತೊಯ್ದಿದ್ದು.’ 310. ‘ಎಷ್ಟ ಆತು?’ 250 ಅಂದೆ. ಒಂದು ಗ್ರಾಂ ಅಂದರೆ ಹೆಚ್ಚು ಕಡಿಮೆ ಒಂದು ಎಂಎಲ್ ರಕ್ತ. ಹಾಗೆ ಒಂದೊಂದೇ ಬಟ್ಟೆ ತೂಗಿಸಿದರು. ನೆಲದ ಮೇಲಿನದನ್ನೂ ಒರೆಸಿ ತೂಗಿಸಿದರು. ಒಟ್ಟು 900 ದಾಟಿತು. ಸಹಜ ಹೆರಿಗೆಯಲ್ಲಿ 500 ಎಂಎಲ್ ಆದರೇ ಅಪಾಯ ಅನ್ನುತ್ತೇವೆ. ‘ಇದ ನೋಡು ತಮ್ಮಾ, ನಿನ್ನ ಸ್ವಲ್ಪ’ ಅಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆಕೆಗೆ ಎರಡು ಬಾಟಲಿ ರಕ್ತ ಕೊಟ್ಟೆವು, ಉಳಿದಳು. ಮನೆಗೆ ಹೋಗುವ ದಿನ ಅವಳ ತಾಯಿ ನನ್ನ ಕೈಗೆ ಎರಡು ಅಂಟಿನುಂಡಿ ಇಟ್ಟಳು. ತಿನ್ನಲು ಆಗಲಿಲ್ಲ.

ಮೇಡಂ ಪಾಠದಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಂದು ಅಧ್ಯಯನ ಇದೆ. ಅದರಲ್ಲಿ ಅವರದೇನೂ ಪಾಲಿರಲಿಲ್ಲ, ಆದರೂ ಸ್ವಂತ ತವರಿನ ಸುದ್ದಿಯಂತೆ ಹೇಳುತ್ತಿದ್ದರು. 2002ರಿಂದ 2005ರವರೆಗೆ ಇದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರ ಮೇಲೆ ನಡೆದದ್ದು. ಆಕ್ಸಿಟೋಸಿನ್ ತಂಪಿನಲ್ಲಿಡಬೇಕು, ಸೂಜಿ ಬೇಕು. ಕರೆಂಟೇ ಇಲ್ಲದ ಊರಲ್ಲಿ ಏನು ಮಾಡುವುದು? ಹೆರಿಗೆ ಮಾಡಿಸುವ ಎಎನ್‌ಎಂ ಸಿಸ್ಟರ್‌ಗಳೇ ಅದೇ ಕೆಲಸ ಮಾಡುವ ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟು ನೋಡಿದರು. ಅತಿ ರಕ್ತಸ್ರಾವ ನೂರಕ್ಕೆ 12 ಇದ್ದದ್ದು 6.4ಕ್ಕೆ ಇಳಿಯಿತು. 2006ರಲ್ಲಿ ಅದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಬಾಣಂತಿಯ ಕೆಳಗೆ ಹಾಸುವ, ಗೆರೆ ಹಾಕಿದ ಚೀಲ ಇರುವ ಪ್ಲಾಸ್ಟಿಕ್ ಹಾಳೆಯನ್ನೂ ನಮ್ಮ ಜಿಲ್ಲೆಯಲ್ಲೇ ಪರೀಕ್ಷಿಸಿದ್ದರು. ಕಣ್ಣಂದಾಜು ಆ ಹಾಳೆಯ ಅಳತೆಗಿಂತ ಮೂರನೇ ಒಂದು ಪಾಲು ಕಡಿಮೆ ಬಂದಿತ್ತು. ‘ಜಗತ್ತಿಗೆ ಅಳಿಯೂದು ಕಲಿಸಿದ ಊರಾಗ ಕೂತು ಅಂದಾಜ ಹೊಡೀತೀರಿ’ ಅನ್ನುತ್ತಿದ್ದರು.

ಆಸ್ಪತ್ರೆಯ ಹೊರಗೆ ಅವರ ನಿಜವಾದ ಕೆಲಸ ನಡೆಯುತ್ತಿದ್ದದ್ದು ಕುಬುಸದ ಮನೆಗಳಲ್ಲಿ. ಬೈಲಹೊಂಗಲ, ಸವದತ್ತಿ, ಹುಕ್ಕೇರಿ, ಯಾವ ಕಡೆಯಿಂದ ಕರೆ ಬಂದರೂ ಭಾನುವಾರ ಹೊರಡುತ್ತಿದ್ದರು. ಒಮ್ಮೆ ನಾವು ಮೂವರು ಜೊತೆಗೆ ಹೋಗಿದ್ದೆವು. ನಿಜ ಹೇಳಬೇಕೆಂದರೆ ಹೋಳಿಗೆಯ ಆಸೆಗೆ. ಹಸಿರು ಸೀರೆ ಉಟ್ಟ ಬಸುರಿಗೆ ಹೆಂಗಸರು ಉಡಿ ತುಂಬುತ್ತಿದ್ದರು. ಮೇಡಂ ಸರದಿ ಬಂದಾಗ ಕೊಬ್ಬರಿ ಬಟ್ಟಲು, ಉತ್ತತ್ತಿ ಜೊತೆಗೆ ಕಬ್ಬಿಣದ ಗುಳಿಗೆಯ ಎರಡು ಸ್ಟ್ರಿಪ್ ಹಾಕಿದರು. ಮನೆ ತುಂಬ ನಗು. ಅವರು ನಗಲಿಲ್ಲ. ಅತ್ತೆಯ ಕಡೆ ತಿರುಗಿ, ‘ಅತ್ತಿಯಾರ, ಸೊಸಿದು ರಕ್ತ ಎಷ್ಟೈತಿ?’ ಅಂದರು. ‘ಸ್ವಲ್ಪ ಕಮ್ಮಿ ಅಂದಾರ್ರಿ.’ ಪಾಪ, ಸಿಕ್ಕಿಬಿದ್ದಳು! ತಾಯಿ ಕಾರ್ಡ್ ತರಿಸಿ, ಹಿಮೋಗ್ಲೋಬಿನ್ 8.2 ಎಂದು ಓದಿಸಿ, 11 ಇರಬೇಕೆಂದು ಬಾಯಿಪಾಠ ಮಾಡಿಸಿ, ಗುಳಿಗೆ ನುಂಗಿದ ತಾಸಿನೊಳಗೆ ಚಹಾ ಕೊಡಬಾರದು ಎಂದು ಒಪ್ಪಿಸಿದ ಮೇಲೇ ಎಲೆಯ ಮುಂದೆ ಕೂತರು. ನಮ್ಮ ಹೋಳಿಗೆ ಅಷ್ಟರಲ್ಲಿ ಆರಿತ್ತು.

ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಹೇಳುವುದು 1994ರ ಕಾಯ್ದೆ ಪ್ರಕಾರ ಅಪರಾಧ. ಆದರೂ ಸುತ್ತು ಹಾಕಿ ಕೇಳುವವರು ಇದ್ದೇ ಇದ್ದರು. ‘ಬಾಯಾರ, ಪೇಡೆ ತರಬೇಕೋ, ಜಿಲೇಬಿ ತರಬೇಕೋ?’ ಮೇಡಂ ಮುಖ ಗಂಟು ಹಾಕಿ, ‘ನನಗ ಸಕ್ರಿ ಬ್ಯಾನಿ ಐತಿ, ಎರಡೂ ತರಬ್ಯಾಡ್ರಿ’ ಅನ್ನುತ್ತಿದ್ದರು. ಸಕ್ಕರೆ ಕಾಯಿಲೆಯೂ ಇಲ್ಲ, ಏನೂ ಇಲ್ಲ. ಕುಂದಾದ ಡಬ್ಬಿ ಅವರ ಟೇಬಲ್ಲಿನ ಎರಡನೇ ಡ್ರಾದಲ್ಲೇ ಇರುತ್ತಿತ್ತು.

ಇನ್ನೊಂದು ನೋಟ್‌ಬುಕ್ ಇತ್ತು. ಮೂವತ್ತರ ಆಸುಪಾಸಿನಲ್ಲೇ ಗರ್ಭಚೀಲ ತೆಗೆಸಿಕೊಂಡು ಬಂದವರ ವಯಸ್ಸು, ಏನು ತೊಂದರೆ ಇತ್ತು, ಯಾಕೆ ತೆಗೆದರು ಎಂದು ಅದರಲ್ಲಿ ಬರೆಯುತ್ತಿದ್ದರು. ‘ಬಿಳಿ ಹೋಗ್ತಿತ್ತು’ ಎಂಬ ಕಾರಣವೇ ಜಾಸ್ತಿ. ಗುಳಿಗೆಯಿಂದ ವಾಸಿಯಾಗುವ ತೊಂದರೆ ಅದು. ಆ ನೋಟ್‌ಬುಕ್ ಹಿಡಿದು ವೈದ್ಯರ ಸಭೆಗಳಲ್ಲಿ ಎದ್ದು ನಿಲ್ಲುತ್ತಿದ್ದರು. ಕೆಲವರು ಅವರ ಜೊತೆ ಮಾತು ಬಿಟ್ಟಿದ್ದೂ ಉಂಟು.

ಅವರಲ್ಲಿ ನನಗೆ ಹಿಡಿಸದ್ದು ಒಂದಿತ್ತು. ಸಿಸ್ಟರ್‌ಗಳನ್ನು ರೋಗಿಗಳ ಎದುರಿಗೇ ಬೈಯುತ್ತಿದ್ದರು. ಹಗಲೂ ರಾತ್ರಿ ದುಡಿಯುವವರು ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ಅದು ತಪ್ಪು ಎಂದು ಈಗಲೂ ನನಗೆ ಅನಿಸುತ್ತದೆ. ನಿವೃತ್ತಿಯ ದಿನ ಅವರೇ ಲೇಬರ್ ರೂಮಿಗೆ ಹೋಗಿ ಒಬ್ಬೊಬ್ಬರ ಕೈ ಹಿಡಿದು ಏನೋ ಹೇಳಿದರಂತೆ. ಏನೆಂದು ಸಿಸ್ಟರ್‌ಗಳು ನಮಗೆ ಹೇಳಲಿಲ್ಲ.

ಹೋದ ತಿಂಗಳು ಟಿಳಕವಾಡಿಯ ಅವರ ಮನೆಗೆ ಹೋಗಿದ್ದೆ. ನಾನೀಗ ತಾಲೂಕು ಆಸ್ಪತ್ರೆಯೊಂದರಲ್ಲಿದ್ದೇನೆ, ಕಪಾಟಿನಲ್ಲಿ ಹಿಟ್ಟಿನ ತೂಕದ ಯಂತ್ರ ಇದೆ ಎಂದೆ. ‘ಸೆಲ್ ಬದಲಿ ಮಾಡ್ತಿಯೋ ಇಲ್ಲೋ?’ ಅಂದರು. ಪಡಸಾಲೆಯಲ್ಲಿ ಕೌದಿ ಹರಡಿತ್ತು. ಭಾನುವಾರ ಊರೂರು ತಿರುಗದೆ ಮನೆಯಲ್ಲಿದ್ದಾಗಲೆಲ್ಲ ಅವರು ಕೌದಿ ಹೊಲಿಯುತ್ತಿದ್ದರು ಎಂಬುದು ನಮಗೆ ಗೊತ್ತೇ ಇರಲಿಲ್ಲ. ಹಳೆ ಇಳಕಲ್ ಸೀರೆ, ಯಜಮಾನರ ಧೋತ್ರ, ಮಗಳ ಶಾಲೆಯ ನೀಲಿ ಸ್ಕರ್ಟು, ಎಲ್ಲ ಅದರಲ್ಲಿ ಇದ್ದವು. ಅಂಚಿನಿಂದ ಸುತ್ತಿಕೊಂಡು ನಡುವಿಗೆ ಬರುವ ಬಿಳಿ ದಾರದ ಹೊಲಿಗೆ. ಒಂದು ಮೂಲೆ ಮಾತ್ರ ಬಾಯಿ ಬಿಟ್ಟಿತ್ತು. ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯಬೇಕಂತೆ, ಕೌದಿ ಉಪವಾಸ ಇರಬಾರದು ಎಂದು ಅವರ ಅವ್ವ ಹೇಳಿಕೊಟ್ಟದ್ದು. ಸೂಜಿಗೆ ದಾರ ಪೋಣಿಸಲು ನನಗೆ ಕೊಟ್ಟರು, ಅವರಿಗೀಗ ಕಣ್ಣು ಮಂಜು.

‘ಇಷ್ಟು ಹೊಲಿಯಲು ಎಷ್ಟು ದಿನ ಹಿಡಿಯಿತು ಮೇಡಂ?’ ಎಂದು ಕೇಳಿದೆ.

‘ಯಾರಿಗ್ಗೊತ್ತೋ, ಸುಮಾರ ದಿನ ಹಿಡೀತು.’

ನಾನು ಅವರ ಮುಖವನ್ನೇ ನೋಡಿದೆ.

‘ಏನ ನೋಡ್ತಿ? ಚಾ ಆರಾಕತ್ತೇತಿ, ಕುಡಿ’ ಅಂದರು.