ಸೂಪರ್‌ವೈಸರ್ ಮೇಡಂ ಬಂದಾಗ ಮೊದಲು ಏನು ನೋಡಬೇಕು?

ಅಂಗನವಾಡಿಯ ನಾಯಕತ್ವದ ಮಾತು ಬಂದರೆ ಎಲ್ಲರ ಕಣ್ಣೂ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯ ಕಡೆ ಹೊರಳುತ್ತದೆ. ಆದರೆ ಜಗಳೂರು ಸೀಮೆಯ ಹಟ್ಟಿಯಲ್ಲಾಗಲಿ, ನ್ಯಾಮತಿ ಕಡೆಯ ತಾಂಡಾದಲ್ಲಾಗಲಿ, ಕೇಂದ್ರ ಹೇಗೆ ನಡೆಯಬೇಕು ಎಂಬುದು ಮೂವರ ಕೈಯಲ್ಲಿದೆ: ಟೀಚರ್ (ಕಾರ್ಯಕರ್ತೆ), ಆಯಾ (ಸಹಾಯಕಿ), ಆಗೊಮ್ಮೆ ಈಗೊಮ್ಮೆ ಬರುವ ಸೂಪರ್‌ವೈಸರ್. ಲೆಕ್ಕದಲ್ಲಿ ಸುಮಾರು 25 ಕೇಂದ್ರಕ್ಕೆ ಒಬ್ಬ ಮೇಲ್ವಿಚಾರಕಿ. ಸಭೆ, ತರಬೇತಿ, ಸಮೀಕ್ಷೆ ಎಲ್ಲ ಕಳೆದು ಒಂದು ಕೇಂದ್ರಕ್ಕೆ ತಿಂಗಳಲ್ಲಿ ಅರ್ಧ ದಿನ ಸಿಕ್ಕರೆ ದೊಡ್ಡದು. ಆ ಅರ್ಧ ದಿನವೂ ರಿಜಿಸ್ಟರ್ ತಿರುವುವುದರಲ್ಲೇ ಕಳೆದರೆ ಅದು ಬರೀ ತಪಾಸಣೆ.

ಭೇಟಿಗೆ ಊಟದ ಹೊತ್ತಿಗೆ ಹೋಗಬಾರದು. ಕೇಂದ್ರ ತೆರೆಯುವ 9.30ಕ್ಕೇ ಅಲ್ಲಿರಬೇಕು. ಮೊದಲ ಅರ್ಧ ಗಂಟೆ ಯಾವ ಪುಸ್ತಕವನ್ನೂ ಕೇಳದೆ, ಕುರ್ಚಿ ಬಿಟ್ಟು ಚಾಪೆಯ ಮೇಲೆ ಒಂದು ಮೂಲೆಯಲ್ಲಿ ಕೂರಬೇಕು. ಮಕ್ಕಳು ಎಷ್ಟು ಹೊತ್ತು ಸುಮ್ಮನೆ ಕೈಕಟ್ಟಿ ಕೂತಿದ್ದರು? ಟೀಚರ್ ಕೇಳಿದ ಪ್ರಶ್ನೆಗಳಲ್ಲಿ ಹೌದು, ಇಲ್ಲ ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಬೇಡುವಂಥವು ಎಷ್ಟು? ಬೆಳಗ್ಗೆಯಿಂದ ಬಾಯಿಯೇ ತೆರೆಯದ ಮಗು ಯಾವುದು? ಈ ಮೂರನ್ನು ಗುರುತು ಹಾಕಿಕೊಂಡರೆ ಸಾಕು. ಅಂಗನವಾಡಿಯ ಚಟುವಟಿಕೆಗಳ ಚಿಲಿಪಿಲಿ ಪುಸ್ತಕದಲ್ಲಿ ಆ ವಾರದ ವಿಷಯ ಯಾವುದಿತ್ತು ಎಂದು ಆಮೇಲೆ ನೋಡಿದರೂ ನಡೆಯುತ್ತದೆ. ವಿಷಯ ಸರಿಯಿದ್ದೂ ಇಡೀ ಬೆಳಗ್ಗೆ ಮಕ್ಕಳು ಒಕ್ಕೊರಲಲ್ಲಿ ಕಂಠಪಾಠ ಒಪ್ಪಿಸುತ್ತಿದ್ದರೆ ಆ ಸರಿಯಿಂದ ಪ್ರಯೋಜನವಿಲ್ಲ.

ನೋಡಿದ್ದನ್ನು ಹೇಳುವುದು ಮಕ್ಕಳು ಉಂಡು ಮಲಗಿದ ಮೇಲೆ, ಹದಿನೈದು ನಿಮಿಷ, ಆಯಾಳನ್ನೂ ಕೂರಿಸಿಕೊಂಡು. ತಾಯಂದಿರ ಎದುರಿಗಂತೂ ಬೇಡವೇ ಬೇಡ. ಹೇಳುವುದೂ ಒಂದೇ ಬದಲಾವಣೆ. ಏಳು ಸಲಹೆ ಬರೆದು ಹೋದರೆ ಮುಂದಿನ ಭೇಟಿಗೆ ಏಳೂ ಹಾಗೇ ಉಳಿದಿರುತ್ತವೆ. ಭೇಟಿ ಪುಸ್ತಕ ಬಹಳ ಕಡೆ ಆರೋಪಪಟ್ಟಿಯಾಗಿಬಿಟ್ಟಿದೆ. ಒಪ್ಪಿಕೊಂಡ ಆ ಒಂದು ಬದಲಾವಣೆಯನ್ನು ಟೀಚರೇ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಮುಂದಿನ ಭೇಟಿ ಅಲ್ಲಿಂದಲೇ ಶುರುವಾಗಲಿ.

ಇನ್ನು ತೂಕ. ಮೇಲಿನವರು ಸರಿಯಿದ್ದಾರೋ ಇಲ್ಲವೋ ಎಂಬುದು ಬಯಲಾಗುವುದೇ ಇಲ್ಲಿ. ತಕ್ಕಡಿಯ ಮುಳ್ಳು ಸೊನ್ನೆಗೆ ಬಂದಿದೆಯೇ, ಸ್ವೆಟರ್, ಚಪ್ಪಲಿ ತೆಗೆದಿದ್ದಾರೆಯೇ, ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಉದ್ದ ಅಳೆದಿದ್ದಾರೆಯೇ ಎಂದು ನೋಡಬೇಕಾದದ್ದು ನಿಜ. ನಿಲ್ಲಿಸಿ ಅಳೆದರೆ ಸುಮಾರು 0.7 ಸೆಂ.ಮೀ. ಕಡಿಮೆ ಬರುತ್ತದೆ. ಆದರೆ ದೊಡ್ಡ ತಪ್ಪು ತಕ್ಕಡಿಯಲ್ಲಿ ಇರುವುದಿಲ್ಲ. ಹಿಂದಿನ ತಿಂಗಳ ತೂಕಕ್ಕೆ ನೂರಿನ್ನೂರು ಗ್ರಾಂ ಸೇರಿಸಿ ಬರೆದುಬಿಡುವುದು ಆ ದೊಡ್ಡ ತಪ್ಪು. ಹಾಗೆ ಬರೆಯುವುದು ಸೋಮಾರಿತನದಿಂದಲ್ಲ, ಹೆದರಿಕೆಯಿಂದ. ತೀವ್ರ ಅಪೌಷ್ಟಿಕತೆಯ ಮಕ್ಕಳ ಸಂಖ್ಯೆ ಒಂದರಿಂದ ಮೂರಕ್ಕೆ ಏರಿತು ಎಂದು ಸಭೆಯಲ್ಲಿ ಎಲ್ಲರೆದುರು ಬೈಸಿಕೊಂಡವಳು ಮುಂದಿನ ತಿಂಗಳು ಮೂರು ಎಂದು ಬರೆಯುತ್ತಾಳೆಯೇ? ಸಂಖ್ಯೆ ಏರಿದ ಕೇಂದ್ರಕ್ಕೆ ಮೇಲ್ವಿಚಾರಕಿ ಕೇಳಬೇಕಾದ ಪ್ರಶ್ನೆಯೇ ಬೇರೆ: ರಟ್ಟೆಯ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿರುವ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಲು ಏನು ಅಡ್ಡಿ? ಶೇಂಗಾ ಕೀಳುವ ಹೊತ್ತಿನಲ್ಲಿ ಚಳ್ಳಕೆರೆ ಕಡೆಯ ತಾಯಿ ಕೂಲಿ ಬಿಟ್ಟು ಜಿಲ್ಲಾಸ್ಪತ್ರೆಯಲ್ಲಿ ದಿನಗಟ್ಟಲೆ ಉಳಿಯುವುದು ಸುಲಭವಲ್ಲ. ಆಶಾ ಕಾರ್ಯಕರ್ತೆಯ ಜೊತೆ ಮೇಲ್ವಿಚಾರಕಿಯೂ ಒಮ್ಮೆ ಆ ಮನೆಗೆ ಹೋದರೆ, ಸಭೆಯ ಹತ್ತು ಬೈಗುಳದಿಂದ ಆಗದ್ದು ಆಗುತ್ತದೆ.

ಆಯಾಳ ವಿಷಯವನ್ನು ಯಾರೂ ನಾಯಕತ್ವದ ಲೆಕ್ಕಕ್ಕೆ ಹಿಡಿಯುವುದಿಲ್ಲ. 3ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಇಷ್ಟು ಕ್ಯಾಲರಿ, ಇಷ್ಟು ಪ್ರೋಟೀನ್ ಎಂದು ನಿಯಮ ಹೇಳುತ್ತದೆ. ಅದು ತಟ್ಟೆಗೆ ಬರುವುದು ಮಾತ್ರ ಆಯಾಳ ಸೌಟಿನಿಂದ. ಕಲಕದೆ ಬಡಿಸಿದರೆ ಬೇಳೆ ತಳದಲ್ಲೇ ಉಳಿದು, ಮೊದಲು ಕೂತ ಮಕ್ಕಳಿಗೆ ತಿಳಿನೀರು, ಕೊನೆಯವರಿಗೆ ಗಟ್ಟಿ. ದಿನವೂ ಒಂದೇ ಸಾಲು ಮೊದಲು ಕೂರುವ ಕೇಂದ್ರದಲ್ಲಿ ತಿಳಿನೀರೂ ದಿನವೂ ಅದೇ ಮಕ್ಕಳ ಪಾಲು. ಪ್ರತಿ ಸೌಟಿಗೂ ತಳದಿಂದ ಕಲಕುವುದು, ಸಾಲು ಬದಲಿಸುವುದು, ಎಲ್ಲರಿಗೂ ಒಂದೇ ಅಳತೆಯ ಸೌಟು ಬಳಸುವುದು: ಇಷ್ಟನ್ನು ಯಾಕೆಂದು ವಿವರಿಸಿ ಹೇಳಿದರೆ ಆಯಾ ಮಾಡುತ್ತಾಳೆ. ಕಾರಣ ಹೇಳದೆ ಅಪ್ಪಣೆ ಕೊಟ್ಟರೆ ಮೇಡಂ ಇದ್ದ ದಿನ ಮಾತ್ರ ಮಾಡುತ್ತಾಳೆ.

ಭಾಷೆಯಲ್ಲೂ ಅವಳೇ ಮುಂದು. ತಾಂಡಾದ ಮಗುವಿಗೆ ಮನೆಯಲ್ಲಿ ಲಂಬಾಣಿ, ಮೊಳಕಾಲ್ಮೂರಿನ ಗಡಿಯಲ್ಲಿ ತೆಲುಗು, ದಾವಣಗೆರೆಯ ಕೆಲವು ಓಣಿಗಳಲ್ಲಿ ಉರ್ದು. ಟೀಚರ್‌ಗೆ ಆ ಮಾತು ಬಾರದಿದ್ದು ಆಯಾಳಿಗೆ ಬಂದರೆ, ಕಥೆಯನ್ನು ಮೊದಲು ಆಯಾ ಹೇಳಲಿ. ಮರುದಿನ ಅದೇ ಕಥೆಯನ್ನು ಟೀಚರ್ ಕನ್ನಡದಲ್ಲಿ ಹೇಳಲಿ. ಕಸಬರಿಗೆ ಹಿಡಿದ ಕೈಗೆ ಕಥೆಯ ಚಿತ್ರ ಕೊಡುವುದಕ್ಕೆ ಕೆಲವು ಟೀಚರ್‌ಗಳಿಗೆ ಮನಸ್ಸು ಬರುವುದಿಲ್ಲ. ಇಲ್ಲಿ ಮೇಲ್ವಿಚಾರಕಿ ಬಾಯಿಬಿಟ್ಟು ಹೇಳಲೇಬೇಕು.

2021ರಲ್ಲಿ ಕೇಂದ್ರದ ದಾಖಲೆಗಳನ್ನು ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದ ಮೇಲೆ ಮೊಬೈಲ್ ಕೆಲಸ ಇಡೀ ಬೆಳಗ್ಗೆಗೆ ಹರಡಿಕೊಂಡಿದೆ. ನೆಟ್‌ವರ್ಕ್ ಸಿಗುವ ಕಟ್ಟೆ ಹುಡುಕುತ್ತ ಟೀಚರ್ ಹೊರಗೆ, ಮಕ್ಕಳು ಒಳಗೆ. ಇದಕ್ಕೆ ಪೂರ್ತಿ ಪರಿಹಾರವಿಲ್ಲ. ತಕ್ಷಣವೇ ಆಗಬೇಕಾದದ್ದನ್ನು ಬಿಟ್ಟು ಉಳಿದ ನಮೂದುಗಳನ್ನೆಲ್ಲ ಮಕ್ಕಳು ಮಲಗುವ ಹೊತ್ತಿಗೆ ತಳ್ಳಬಹುದು. ಮುಖ್ಯವಾಗಿ, ಬೆಳಗ್ಗೆ ಹತ್ತೂವರೆಗೆ ವಾಟ್ಸಾಪ್ ಗುಂಪಿನಲ್ಲಿ ‘ಕೂಡಲೇ ಫೋಟೋ ಹಾಕಿ’ ಎಂದು ಕೇಳುವುದನ್ನು ಮೇಲ್ವಿಚಾರಕಿಯೇ ಮೊದಲು ನಿಲ್ಲಿಸಬೇಕು.

ವೃತ್ತದ, ಅಂದರೆ ಒಬ್ಬ ಮೇಲ್ವಿಚಾರಕಿಯ ಕೈಕೆಳಗಿನ ಕೇಂದ್ರಗಳ, ಸಭೆಯೂ ಹಾಗೇ. 25 ಕೇಂದ್ರಗಳ ಅಂಕಿಅಂಶ ಒಬ್ಬೊಬ್ಬರಾಗಿ ಓದಿದರೆ ಊಟದ ಹೊತ್ತಾಗುತ್ತದೆ, ಕಲಿತದ್ದು ಸೊನ್ನೆ. ಅಂಕಿಗಳನ್ನು ಹಿಂದಿನ ದಿನವೇ ಬರಹದಲ್ಲಿ ತರಿಸಿಕೊಂಡು, ಹತ್ತಿರದ ಐದೈದು ಕೇಂದ್ರಗಳ ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಒಬ್ಬಳು ಒಂದು ಚಟುವಟಿಕೆಯನ್ನು ಮಾಡಿ ತೋರಿಸಲಿ. ಸರದಿ ಬದಲಾಗುತ್ತಿರಲಿ, ಪ್ರತಿ ಸಲವೂ ಜೋರು ಬಾಯಿಯವರೇ ಮುಂದೆ ಬಂದರೆ ಉಳಿದವರು ಬರೀ ಪ್ರೇಕ್ಷಕರು. ಸಾಮಗ್ರಿ ಊರಿನದ್ದೇ ಇರಲಿ: ಮೆಕ್ಕೆಜೋಳದ ದಿಂಡು, ತೆಂಗಿನ ಚಿಪ್ಪು, ಎಣಿಸಲು ಹುಣಸೆ ಬೀಜ. ಆದರೆ ಮೂರು ವರ್ಷದೊಳಗಿನ ಮಕ್ಕಳಿರುವ ಕಡೆ ಬೀಜ, ಇಡೀ ಶೇಂಗಾ ಕೈಗೆ ಸಿಗಬಾರದು. ಮೂಗಿಗೆ ತುರುಕಿಕೊಳ್ಳುತ್ತಾರೆ, ಗಂಟಲಿಗೆ ಸಿಕ್ಕಿಸಿಕೊಳ್ಳುತ್ತಾರೆ. ಮಾಡಿ ತೋರಿಸುವವಳು ಇದನ್ನೂ ಹೇಳಿಯೇ ಮುಗಿಸಬೇಕು.

ಕೊನೆಗೆ ಬಡ್ತಿ. ಕೇಂದ್ರ ಸರ್ಕಾರದ ಸಕ್ಷಮ್ ಅಂಗನವಾಡಿ ಯೋಜನೆಯ 2022ರ ಮಾರ್ಗಸೂಚಿಯಲ್ಲಿ ಕಾರ್ಯಕರ್ತೆಯರ ಹುದ್ದೆಗಳಲ್ಲಿ ಅರ್ಧದಷ್ಟು 5 ವರ್ಷ ಸೇವೆಯಾದ ಸಹಾಯಕಿಯರಿಗೆ, ಮೇಲ್ವಿಚಾರಕಿಯರ ಹುದ್ದೆಗಳಲ್ಲಿ ಅರ್ಧ 5 ವರ್ಷ ಸೇವೆಯಾದ ಕಾರ್ಯಕರ್ತೆಯರಿಗೆ ಎಂದಿದೆ. ಉಳಿದ ಅರ್ಹತೆಗಳೂ ಇರಬೇಕು. ತನ್ನ ವೃತ್ತದಲ್ಲಿ ಯಾವ ಆಯಾಳಿಗೆ ಐದು ವರ್ಷ ತುಂಬಿದೆ, ಯಾರ ಓದು ಎಸ್ಸೆಸ್ಸೆಲ್ಸಿಗೇ ನಿಂತಿದೆ ಎಂಬ ಪಟ್ಟಿ ಮೇಲ್ವಿಚಾರಕಿಯ ಚೀಲದಲ್ಲಿ ಇರಬೇಕು. ಅರ್ಜಿ ಕರೆದ ದಿನ ಹುಡುಕಲು ಹೊರಟರೆ ಆಗುವುದಿಲ್ಲ. ಪಿಯುಸಿಗೆ ಕಟ್ಟಿ ಪಾಸಾಗಲು ವರ್ಷಗಳೇ ಬೇಕು, ಆ ಮಾತು ಈಗಲೇ ಕಿವಿಗೆ ಬಿದ್ದಿರಬೇಕು.