ಆರು ಕ್ಯಾಶಿನ ಸ್ಟಾಂಪಿಗೆ ಹಲ್ಲು ಎಷ್ಟು?

ತಿರುವಾಂಕೂರಿನ ಸ್ಟಾಂಪುಗಳನ್ನು ಆಸೆಪಟ್ಟು ಕೊಳ್ಳುವವರು ಕಡಿಮೆ. ಸ್ಟಾಂಪ್ ಮೇಳಗಳಲ್ಲಿ ಅವು ಮೇಜಿನ ಮೂಲೆಯಲ್ಲಿ, ಕವರಿನೊಳಗೆ, ಹಿಡಿ ಲೆಕ್ಕದಲ್ಲಿ ಸಿಗುತ್ತವೆ. ಬೆಂಗಳೂರಿನ ಒಂದು ಮೇಳದಲ್ಲಿ ನಾನು ತಂದದ್ದೂ ಅಂಥದ್ದೇ ಒಂದು ಕವರು. "ಎಲ್ಲ ಕಾಮನ್ನೇ ಸರ್. ಮಕ್ಕಳಿಗೆ ಕೊಡೋಕೆ ಚೆನ್ನಾಗಿರುತ್ತೆ" ಅಂದರು ವ್ಯಾಪಾರಿ. ಹೂಂ ಅಂದು ದುಡ್ಡು ಕೊಟ್ಟೆ. ನನಗೆ ಬೇಕಾಗಿದ್ದದ್ದು ಸ್ಟಾಂಪಿನ ಚಿತ್ರ ಅಲ್ಲ, ಅಂಚು. ಹರಿಯಲೆಂದು ಹೊಡೆದ ತೂತುಗಳ ನಡುವೆ ಅಂಚಿನಲ್ಲಿ ಉಳಿಯುತ್ತವಲ್ಲ, ಆ ಹಲ್ಲುಗಳು.

ಈಗಿನ ಕೇರಳದ ತಿರುವಾಂಕೂರು ಸಂಸ್ಥಾನಕ್ಕೆ ಅಂಚಲ್ ಎಂಬ ತನ್ನದೇ ಅಂಚೆ ಇಲಾಖೆ ಇತ್ತು. 1888ರಲ್ಲಿ ಶಂಖದ ಚಿತ್ರದ ಸ್ಟಾಂಪುಗಳು ಬಂದವು. 1951ರಲ್ಲಿ ಆ ಇಲಾಖೆ ಭಾರತದ ಅಂಚೆಯೊಳಗೆ ಸೇರಿತು. (ನಮ್ಮ ಮೈಸೂರಿನ ಅಂಚೆ 1889ರಲ್ಲೇ ಬ್ರಿಟಿಷರ ಅಂಚೆಗೆ ಸೇರಿಹೋಗಿತ್ತು. ಇಲ್ಲದಿದ್ದರೆ ಗಂಡಭೇರುಂಡದ ಸ್ಟಾಂಪಿನ ಹಲ್ಲು ಎಣಿಸುತ್ತಾ ಕೂರಬಹುದಿತ್ತು!) ತಿರುವಾಂಕೂರಿನ ದುಡ್ಡಿನ ಲೆಕ್ಕವೂ ಬೇರೆ. 16 ಕ್ಯಾಶಿಗೆ ಒಂದು ಚಕ್ರಂ, 28 ಚಕ್ರಂಗೆ ಒಂದು ರೂಪಾಯಿ.

ಇನ್ನು ಹಲ್ಲಿನ ವಿಷಯ. ಎರಡು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ತೂತು ಬರುತ್ತವೋ ಅದೇ ಆ ಸ್ಟಾಂಪಿನ ಪರ್ಫೊರೇಶನ್ ಅಳತೆ. ನಾವೆಲ್ಲ ಪರ್ಫ್ ಅಂತಲೇ ಅನ್ನುವುದು. ಈ ಕ್ರಮ ಹಾಕಿಕೊಟ್ಟದ್ದು ಪ್ಯಾರಿಸ್ಸಿನ ಡಾಕ್ಟರ್ ಲೆಗ್ರಾಂಡ್, 1866ರಲ್ಲಿ. ಮೇಲೆ, ಕೆಳಗೆ ಒಂದು ಅಳತೆ, ಎಡ ಬಲಕ್ಕೆ ಇನ್ನೊಂದು ಅಳತೆ ಇದ್ದರೆ ಅದು ಕಾಂಪೌಂಡ್. ಬರೆಯುವಾಗ ಅಡ್ಡ ಅಂಚಿನ ಅಳತೆ ಮೊದಲು, ನಿಂತ ಅಂಚಿನದು ಆಮೇಲೆ.

ತಿರುವಾಂಕೂರಿನ ಸ್ಟಾಂಪುಗಳಲ್ಲಿ ಈ ಗೋಜಲು ಜಾಸ್ತಿ. ಅಲ್ಲಿ ಎಲ್ಲದಕ್ಕೂ ಒಂದೇ ಅಳತೆಯ ಯಂತ್ರ ಬಳಸಲಿಲ್ಲ. ಜೊತೆಗೆ ಅದು ಒಂದು ಸಲಕ್ಕೆ ಒಂದೇ ಸಾಲು ತೂತು ಹೊಡೆಯುವ ವಿಧಾನ. ಹಾಳೆಯನ್ನು ಅಡ್ಡಕ್ಕೆ ಒಂದು ಯಂತ್ರದಲ್ಲಿ, ಉದ್ದಕ್ಕೆ ಇನ್ನೊಂದರಲ್ಲಿ ಹಾಕಿದರೆ ಕಾಂಪೌಂಡ್ ತಾನಾಗೇ ಆಗುತ್ತದೆ. ಒಂದು ಸಾಲು ಹೊಡೆಯಲು ಮರೆತರೆ ನಡುವೆ ತೂತೇ ಇಲ್ಲದ ಜೋಡಿ! ಮಹಾರಾಜ ಬಲರಾಮ ವರ್ಮರ 27ನೇ ಹುಟ್ಟುಹಬ್ಬಕ್ಕೆ 1939ರ ನವೆಂಬರಿನಲ್ಲಿ ಬಂದ ಸರಣಿ, ಅದರ ಹಿಂದೆಯೇ 1941ರಲ್ಲಿ ಬಂದ ಆರು ಕ್ಯಾಶಿನ ನೇರಳೆ ಸ್ಟಾಂಪು, ಇವೆಲ್ಲ 12½, 12, 11 ಎಂಬ ಅಳತೆಗಳಲ್ಲಿ ಸಿಗುತ್ತವೆ. 11 ಮತ್ತು 12 ಸೇರಿದ ಕಾಂಪೌಂಡೂ ಇದೆ. ಆದರೆ ಹೆಚ್ಚಿನ ಆಲ್ಬಮ್ಮುಗಳಲ್ಲಿ ಆರು ಕ್ಯಾಶಿಗೆ ಇರುವುದು ಒಂದೇ ಚೌಕ. ಒಂದು ಅಂಟಿಸಿದರೆ ಮುಗಿಯಿತು, ಉಳಿದದ್ದು ಡೂಪ್ಲಿಕೇಟ್ ಕವರಿಗೆ. ಹೀಗಾಗಿಯೇ ಅವು ಕಣ್ತಪ್ಪಿ ಉಳಿದಿರುವುದು.

ಆಷಾಢದ ಮಳೆ ಹಿಡಿದಿದ್ದ ಒಂದು ಭಾನುವಾರ ಕವರು ಬಿಚ್ಚಿದೆ. ಮಂಗಳೂರಿನಿಂದ ಭಾವ ಬಂದಿದ್ದರು. ಅವರೂ ಸ್ಟಾಂಪು ಕೂಡಿಸುವವರೇ, ಆದರೆ ಹಕ್ಕಿ, ಚಿಟ್ಟೆಗಳ ಬಣ್ಣದ ಸ್ಟಾಂಪು ಮಾತ್ರ. ಕಾಫಿ ಲೋಟ ಹಿಡಿದು ನನ್ನ ಎದುರು ಕೂತವರೇ ಶುರು ಮಾಡಿದರು.

"ಚಿತ್ರ ಒಂದೇ, ಬಣ್ಣ ಒಂದೇ, ರೇಟೂ ಒಂದೇ. ಸುಮ್ನೆ ಹಲ್ಲು ಎಣಿಸ್ತಾ ಕೂತಿದ್ದೀರಲ್ಲ!"

"ಲೋಟ ಸ್ವಲ್ಪ ಆಚೆ ಇಡಿ ಭಾವ" ಅಂದೆ.

ಎಣಿಸುವುದು ಅಂತ ಬಾಯಿಮಾತಿಗೆ ಅನ್ನುತ್ತೇವೆ ಅಷ್ಟೇ. ಸಣ್ಣ ಸ್ಟಾಂಪಿನ ಅಂಚು ಪೂರ್ತಿ ಎರಡು ಸೆಂಟಿಮೀಟರ್ ಇರಬೇಕೆಂದೇನಿಲ್ಲ, ಹಾಗಾಗಿ ಗೇಜಿನ ಮೇಲೆ ಕೂರಿಸಿ ನೋಡಬೇಕು. ನನ್ನ ಹತ್ತಿರ ಇರುವುದು ಸ್ಟ್ಯಾನ್ಲಿ ಗಿಬ್ಬನ್ಸ್‌ನ ಇನ್‌ಸ್ಟಾಂಟಾ, ಗೆರೆ ಎಳೆದ ಪಾರದರ್ಶಕ ಪ್ಲಾಸ್ಟಿಕ್. ಕೆಳಗಿಂದ ಮೇಲಕ್ಕೆ ಗೆರೆಗಳು ಒಂದಕ್ಕೊಂದು ಹತ್ತಿರವಾಗುತ್ತಾ ಹೋಗುತ್ತವೆ. ಸ್ಟಾಂಪನ್ನು ಸರಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಎಲ್ಲ ಗೆರೆಗಳೂ ಹಲ್ಲುಗಳ ಜೊತೆ ಸರಿಯಾಗಿ ಕೂರುತ್ತವೆ. ಆ ಜಾಗದ ಅಂಕಿಯೇ ಅಳತೆ.

ಆದರೆ ರಾಶಿ ಇದ್ದಾಗ ಒಂದೊಂದನ್ನೇ ಗೇಜಿಗೆ ಇಡುತ್ತಾ ಕೂತರೆ ಕಣ್ಣು ಹೋಗುತ್ತದೆ. ನನ್ನದು ಬೇರೆ ಉಪಾಯ. ಅಳತೆ ಗೊತ್ತಿರುವ ಒಂದು ಸ್ಟಾಂಪನ್ನು ಕಪ್ಪು ರಟ್ಟಿನ ಮೇಲೆ ಇಟ್ಟುಕೊಂಡು, ಅದರ ಅಂಚಿನ ಮೇಲೆ ಉಳಿದವುಗಳ ಅಂಚು ಇಟ್ಟು ನೋಡುವುದು. ಅಳತೆ ಒಂದೇ ಆದರೆ ಹಲ್ಲಿನ ಮೇಲೆ ಹಲ್ಲು ಕೂತು ಒಂದೇ ಸಾಲಾಗಿ ಕಾಣುತ್ತದೆ. ಬೇರೆ ಆದರೆ ನಾಲ್ಕೈದು ಹಲ್ಲು ದಾಟುವಷ್ಟರಲ್ಲಿ ಜಾರಲು ಶುರುವಾಗುತ್ತದೆ. 11ಕ್ಕೂ 12½ಕ್ಕೂ ಇರುವ ವ್ಯತ್ಯಾಸ ಸಾಲಿನ ಅರ್ಧಕ್ಕೇ ಗೊತ್ತಾಗುತ್ತದೆ. 12, 12½ ಪಕ್ಕಪಕ್ಕ ಇಟ್ಟರೆ ಮಾತ್ರ ಗೊಂದಲವೇ. ನೀರಿಗೆ ಹಾಕಿ ತೆಗೆದ ಕಾಗದ ಸ್ವಲ್ಪ ಹಿಗ್ಗುವುದು, ಕುಗ್ಗುವುದು ಇದ್ದದ್ದೇ. ಅಂಥವನ್ನು ಪಕ್ಕಕ್ಕಿಟ್ಟು ಕೊನೆಗೆ ಗೇಜಿನಲ್ಲಿ ನೋಡುವುದು ಒಳ್ಳೆಯದು.

ಆರು ಕ್ಯಾಶಿನ ಗುಂಪು ಕೈಗೆ ಬಂದಾಗ ಮಧ್ಯಾಹ್ನ ಆಗಿತ್ತು. ಅರುವಿಕ್ಕರ ಜಲಪಾತ, ಜೊತೆಗೆ ಮಹಾರಾಜರ ಮುಖ. ಒಂದೊಂದೇ ದಾಟಿಸುತ್ತಿದ್ದೆ. ಒಂದು ಸ್ಟಾಂಪಿನ ಮೇಲಂಚು ನನ್ನ 12ರ ಜೊತೆ ಸರಿಹೋಯಿತು. ಅದನ್ನೇ ತಿರುಗಿಸಿ ಪಕ್ಕದ ಅಂಚು ಇಟ್ಟರೆ ಜಾರಿತು. ಹಲ್ಲು ಅಗಲ, ಸಂದೂ ಅಗಲ. ಗೇಜಿಗೆ ಹಾಕಿದೆ. ಅಡ್ಡಕ್ಕೆ 12, ಉದ್ದಕ್ಕೆ 11.

ಭಾವನನ್ನು ಕೂಗಿದೆ. ಲೆನ್ಸ್ ಕೊಟ್ಟೆ. ಅವರು ಸ್ಟಾಂಪನ್ನು ಎರಡು ಸಲ ತಿರುಗಿಸಿ ನೋಡಿ, "ಹೌದಲ್ವಾ, ಪಕ್ಕದ್ದು ದಪ್ಪ ಹಲ್ಲು" ಅಂದರು. ತಕ್ಷಣವೇ ಮುಂದಿನ ಪ್ರಶ್ನೆ: "ಯಾರಾದ್ರೂ ಆಮೇಲೆ ತೂತು ಹೊಡೆದಿದ್ರೆ?"

ಒಳ್ಳೆಯ ಪ್ರಶ್ನೆಯೇ. ಅಂಚು ಕತ್ತರಿಸಿ ಹೊಸ ಹಲ್ಲು ಮಾಡುವ ಚಾಳಿ ಹಳೆಯದು. ಅದಕ್ಕೇ ಇಬ್ಬರೂ ಸೇರಿ ನೋಡಿದೆವು. ಮೊದಲನೆಯದಾಗಿ, ಎದುರುಬದುರು ಅಂಚುಗಳ ಅಳತೆ ಒಂದೇ ಇತ್ತು. ಒಂದೇ ಒಂದು ಅಂಚು ಬೇರೆ ಇದ್ದಿದ್ದರೆ ನಾನೇ ಅನುಮಾನ ಪಡುತ್ತಿದ್ದೆ. ಅಗಲ ಅಕ್ಕಪಕ್ಕದ ಸ್ಟಾಂಪುಗಳಷ್ಟೇ ಇತ್ತು. ಕತ್ತರಿಸಿದ್ದರೆ ಒಂದಿಷ್ಟಾದರೂ ಕಡಿಮೆಯಾಗಬೇಕಿತ್ತು. ಹಲ್ಲಿನ ತುದಿಯಲ್ಲಿ ಹರಿದ ಕಾಗದದ ನಾರು ಮೃದುವಾಗಿತ್ತು, ಚೂಪಾಗಿ ಇರಲಿಲ್ಲ. ಮೂಲೆಯಲ್ಲಿ ಎರಡು ಸಾಲಿನ ತೂತುಗಳು ಒಂದಕ್ಕೊಂದು ಹೊಂದದೆ ಅಡ್ಡಾದಿಡ್ಡಿ ದಾಟಿದ್ದವು, ಸಾಲು ಯಂತ್ರದ ಗುರುತೇ ಅದು. ಎಲ್ಲಕ್ಕಿಂತ ನನಗೆ ಧೈರ್ಯ ಕೊಟ್ಟದ್ದು ಅಂಚಲ್ ಮುದ್ರೆ. ಅದರ ಕಪ್ಪು ಮಸಿ ಬಲಗಡೆಯ ಹಲ್ಲುಗಳ ತುದಿಯವರೆಗೂ ಹರಿದು, ಒಂದು ಹಲ್ಲಿನ ಪಕ್ಕಕ್ಕೆ, ಅಂದರೆ ತೂತಿನ ಒಳಬದಿಗೂ ಹತ್ತಿಕೊಂಡಿತ್ತು. ಮುದ್ರೆ ಬೀಳುವ ಹೊತ್ತಿಗೆ ಆ ತೂತು ಅಲ್ಲಿತ್ತು ಅಂತಾಯಿತು.

"ಇದರ ಬೆಲೆ ಎಷ್ಟಾಗುತ್ತೆ?" ಅಂತ ಭಾವ ಕೇಳಿಯೇ ಬಿಟ್ಟರು. ಕ್ಯಾಟಲಾಗಿನಲ್ಲಿ ಬೇರೆ ಸಾಲು, ಬೇರೆ ಬೆಲೆ ಇರಬಹುದು. ಆದರೆ ಕೊಳ್ಳುವವರು ಬೇಕಲ್ಲ? ಹಲ್ಲು ನೋಡುವ ನಾಲ್ಕು ಜನ ಸಿಗುವುದೇ ಕಷ್ಟ. ನನ್ನ ಪ್ರಕಾರ ಇದು ದುಡ್ಡಿನ ಆಸೆಗೆ ಹಿಡಿಯುವ ಕೆಲಸವಲ್ಲ. ಯಾರೂ ನೋಡದೆ ಬಿಟ್ಟ ಜಾಗದಲ್ಲಿ ಹುಡುಕುವ ಚಟ ಇದ್ದವರಿಗೆ ಮಾತ್ರ.

ಕವರಿನಲ್ಲಿ ಇನ್ನೂ 'ಸರ್ವೀಸ್' ಅಂತ ಅಚ್ಚು ಹಾಕಿದ ಸರ್ಕಾರಿ ಸ್ಟಾಂಪುಗಳಿವೆ. 1949ರ ಜುಲೈನಲ್ಲಿ ತಿರುವಾಂಕೂರು, ಕೊಚ್ಚಿ ಒಂದಾದ ಮೇಲೆ ಇದೇ ಆರು ಕ್ಯಾಶಿನ ಮೇಲೆ ಇಂಗ್ಲಿಷು, ಮಲಯಾಳದಲ್ಲಿ 'ಎರಡು ಪೈ' ಅಂತ ಹೊಡೆದದ್ದೂ ಇವೆ. ಅವೂ ಅದೇ ಹಲ್ಲುಗಳ ತಕರಾರಿನವು. ಭಾವ ರಾತ್ರಿ ಬಸ್ಸಿಗೆ ಹೊರಡುವವರೆಗೂ ಎರಡು ಪೈಗಳ ರಾಶಿ ಹಿಡಿದು ಕೂತಿದ್ದರು. ಗೇಜು ನನ್ನ ಕೈಗೆ ವಾಪಸ್ಸು ಬಂದದ್ದು ಆಟೋ ಬಾಗಿಲಿಗೆ ಬಂದ ಮೇಲೆ.