ಸದರಿ ತೆಂಗಿನಕಾಯಿಯ ಚೆಕ್ಕುಬಂದಿ

ತಿಪಟೂರಿನ ಹತ್ತಿರ ನಮ್ಮ ಸೋದರಮಾವನ ತೋಟ ಇದೆ. ಮಾವನಿಗೆ ಮೊದಲಿಂದಲೂ ವೆಲ್ಡಿಂಗ್ ಹುಚ್ಚು. ಹೋದ ಬೇಸಿಗೆಯಲ್ಲಿ ಕಾಯಿ ಸುಲಿಯೋಕೆ ಅಂತ ಒಂದು ಯಂತ್ರ ಮಾಡಿದರು. ಯಂತ್ರ ಅಂದ್ರೆ ದೊಡ್ಡದೇನಲ್ಲ. ಎರಡು ಕಬ್ಬಿಣದ ಮೊನೆ ಜೋಡಿಸಿ ಕೆಳಗೊಂದು ಪೆಡಲ್ ಇಟ್ಟಿದ್ದಾರೆ. ಕಾಯಿ ಚುಚ್ಚಿ ಪೆಡಲ್ ತುಳಿದರೆ ಮೊನೆಗಳು ಬಾಯಿ ಬಿಟ್ಟು ಸಿಪ್ಪೆ ಬಿಚ್ಚಿಕೊಳ್ಳುತ್ತದೆ, ಅಷ್ಟೇ. "ಇದಕ್ಕೆ ಪೇಟೆಂಟ್ ಮಾಡಿಸ್ಬೇಕು ಕಣಪ್ಪ. ನೀನು ದಿನಾ ಕಂಪ್ಯೂಟರ್ ಮುಂದೆ ಕೂತಿರ್ತೀಯಲ್ಲ, ಬೇರೆ ಯಾರಾದ್ರೂ ಮಾಡಿದಾರಾ ನೋಡು" ಅಂದರು.

ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಮೂರು ವಾರ ರಾತ್ರಿ ನಿದ್ದೆಗೆಟ್ಟೆ.

ಹುಡುಕೋದಕ್ಕೇನೂ ದುಡ್ಡು ಕೊಡಬೇಕಿಲ್ಲ. ಗೂಗಲ್ ಪೇಟೆಂಟ್ಸ್ ಇದೆ, ಯುರೋಪಿನವರ ಎಸ್ಪಾಸ್‌ನೆಟ್ ಇದೆ, ನಮ್ಮ ದೇಶದ ಅರ್ಜಿಗಳಿಗೆ ಇನ್‌ಪಾಸ್ ಇದೆ. ಕಷ್ಟ ಇರೋದು ಏನಂತ ಟೈಪ್ ಮಾಡಬೇಕು ಅನ್ನೋದರಲ್ಲಿ. 'ಕೋಕನಟ್' ಅಂತ ಹಾಕಿದೆ. ಎಣ್ಣೆ, ಸೋಪು, ಶಾಂಪೂ, ಚಾಕೊಲೇಟು ಎಲ್ಲ ಬಂತು, ಸುಲಿಯೋದು ಮಾತ್ರ ಎಲ್ಲೋ ನಡುವೆ ಒಂದೊಂದು. ಆಮೇಲೆ ಗೊತ್ತಾಯ್ತು, ಈ ಅರ್ಜಿ ಬರೆಯೋರಿಗೆ ವಸ್ತುವಿನ ಹೆಸರು ಹೇಳೋಕೇ ಇಷ್ಟ ಇರಲ್ಲ. ಹೊಸಮದುವೆ ಹೆಂಗಸರು ಗಂಡನ ಹೆಸರು ಹೇಳೋಕೆ ಹಿಂದೆ ನಾಚುತ್ತಿದ್ದರಲ್ಲ, ಹಾಗೆ. ತೆಂಗಿನಕಾಯಿ ಅನ್ನೋ ಬದಲು 'ನಾರಿನ ಹೊರಪದರವುಳ್ಳ ಗಟ್ಟಿ ಚಿಪ್ಪಿನ ಫಲ' ಅನ್ನೋ ಥರದ ಮಾತು.

ಹೆಸರು ಬಿಟ್ಟು ನಂಬರ್ ಹಿಡಿದರೆ ದಾರಿ ಸುಲಭ. ಪ್ರತಿ ಪೇಟೆಂಟಿಗೂ ಒಂದು ವರ್ಗದ ಸಂಕೇತ ಇರುತ್ತೆ, ಲೈಬ್ರರಿ ಪುಸ್ತಕದ ಬೆನ್ನಿಗೆ ಅಂಟಿಸಿರ್ತಾರಲ್ಲ ಆ ಥರ. ಕಾಯಿ ಸುಲಿಯೋ, ಒಡೆಯೋ ಯಂತ್ರಗಳಿಗೆ ಎ23ಎನ್ 5. ಅದರಲ್ಲಿ ತೆಂಗಿಗೇ ಅಂತ 5/03. ನಮ್ಮ ಕಾಯಿಗೆ ಜಗತ್ತಿನ ಪಟ್ಟಿಯಲ್ಲಿ ಅದರದ್ದೇ ಖಾನೆ ಇದೆ ಅಂತ ನೋಡಿ ಸುಮ್ನೆ ಒಂದು ಖುಷಿ ಆಯ್ತು.

ಆಮೇಲೆ ಓದೋಕೆ ಶುರು ಮಾಡಿದೆ. ಅಲ್ಲೇ ಸಿಕ್ಕಿಬಿದ್ದಿದ್ದು.

ಪೇಟೆಂಟಿನಲ್ಲಿ ಹಕ್ಕು ಕೇಳೋ ಭಾಗಕ್ಕೆ ಕ್ಲೇಮ್ ಅಂತಾರೆ. ಒಂದು ಕ್ಲೇಮ್ ಎಷ್ಟೇ ಉದ್ದ ಇದ್ದರೂ ಒಂದೇ ವಾಕ್ಯದಲ್ಲಿ ಮುಗಿಯಬೇಕು. ಅರ್ಧ ಪುಟ ಓದಿದರೂ ಪೂರ್ಣವಿರಾಮ ಬರಲ್ಲ. ಒಂದು ಭಾಗ ಮೊದಲ ಸಲ ಬಂದಾಗ 'ಎ ಲಿವರ್', ಅಂದ್ರೆ ಒಂದು ಸನ್ನೆಕೋಲು, ಎರಡನೇ ಸಲದಿಂದ 'ಸೆಡ್ ಲಿವರ್'. ಈ 'ಸೆಡ್' ನೋಡಿ ನೋಡಿ, ಇದನ್ನ ಎಲ್ಲೋ ಕೇಳಿದೀನಲ್ಲ ಅನ್ನಿಸ್ತಾ ಇತ್ತು. ಎಲ್ಲಿ ಅಂತ ಹೊಳೆದಿದ್ದು ಬೇರೆ ಕೆಲಸಕ್ಕೆ ತೋಟದ ಕ್ರಯಪತ್ರ ತೆಗೆದಾಗ. 'ಸದರಿ ಸ್ವತ್ತಿನ ಚೆಕ್ಕುಬಂದಿ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗಾಡಿ ದಾರಿ...' ಅದೇ ಇದು! ಸೆಡ್ ಅಂದ್ರೆ ಸದರಿ. ಕ್ಲೇಮ್ ಅಂದ್ರೆ ಚೆಕ್ಕುಬಂದಿ, ನನ್ನ ಜಾಗದ ಸುತ್ತಲಿನ ಗಡಿ.

ಹೀಗೆ ನೋಡಿದ ಮೇಲೆ ಆ ವಿಚಿತ್ರ ಭಾಷೆ ಅಷ್ಟೊಂದು ವಿಚಿತ್ರ ಅನ್ನಿಸಲಿಲ್ಲ. ಪತ್ರ ಬರಹಗಾರರು 'ನಿಧಿ ನಿಕ್ಷೇಪ ಜಲ ಪಾಷಾಣ' ಅಂತ ಅಷ್ಟಭೋಗ, ಅಂದ್ರೆ ಜಮೀನಿನ ಮೇಲಿನ ಎಂಟು ಥರದ ಹಕ್ಕು, ಪೂರ್ತಿ ಬರೀತಾರೆ, ನಾಳೆ ಎಲ್ಲಾದರೂ ಕೊಪ್ಪರಿಗೆ ಹೊನ್ನು ಸಿಕ್ಕಿದರೆ ತಕರಾರು ಬೇಡ ಅಂತ. ಪೇಟೆಂಟ್ ಬರೆಯೋರೂ ಅಷ್ಟೇ. ಒಂದೇ ಒಂದು ವ್ಯತ್ಯಾಸ, ಅದು ನನಗೆ ಅರ್ಥ ಆಗೋಕೆ ಟೈಮ್ ಹಿಡೀತು. ಇಲ್ಲಿ ಮಾತು ಜಾಸ್ತಿ ಆದಷ್ಟೂ ಜಮೀನು ಚಿಕ್ಕದಾಗುತ್ತೆ. 'ಪೆಡಲ್' ಅಂದರೆ ಎಲ್ಲ ಪೆಡಲೂ ನನ್ನದು. 'ಕಬ್ಬಿಣದ ಪೆಡಲ್' ಅಂದೆ ಅನ್ನಿ, ಪಕ್ಕದವನು ಮರದ್ದು ಹಾಕಿ ಆಚೆ ನಿಂತು ನಗ್ತಾನೆ. ಅದಕ್ಕೇ ಯಾವುದಕ್ಕೂ ಸರಿಯಾದ ಹೆಸರಿಲ್ಲ. ಸ್ಕ್ರೂ ಅನ್ನಲ್ಲ, 'ಬಿಗಿಯುವ ಸಾಧನ' ಅಂತಾರೆ. ಎರಡು ಅನ್ನಲ್ಲ, 'ಪ್ಲುರಾಲಿಟಿ' ಅಂತಾರೆ, ಅಂದ್ರೆ ಒಂದಕ್ಕಿಂತ ಜಾಸ್ತಿ ಎಷ್ಟಾದರೂ. 'ಕಂಪ್ರೈಸಿಂಗ್' ಅಂದರೆ ಇಷ್ಟು ಇದ್ದೇ ಇದೆ, ಇನ್ನೂ ಏನಾದರೂ ಸೇರಿಸಿದರೂ ನನ್ನ ಬೇಲಿ ಒಳಗೇ. 'ಕನ್ಸಿಸ್ಟಿಂಗ್ ಆಫ್' ಅಂದರೆ ಇಷ್ಟೇ, ಬೇರೇನೂ ಇಲ್ಲ. ಎರಡಕ್ಕೂ ಕನ್ನಡದಲ್ಲಿ 'ಒಳಗೊಂಡ' ಅಂತ ಬರೆದರೆ ಮುಗೀತು ಕಥೆ.

ಇದನ್ನೆಲ್ಲ ಕಲಿತ ಮೇಲೆ ಹೆಸರುವಾಸಿ ಅರಿಶಿನದ ಪೇಟೆಂಟ್ ತೆಗೆದು ಓದಿದೆ. ಅಮೆರಿಕದ ನಂಬರ್ 5,401,504, ಕೊಟ್ಟಿದ್ದು 1995ರ ಮಾರ್ಚಿನಲ್ಲಿ, ಮಿಸಿಸಿಪಿ ವಿಶ್ವವಿದ್ಯಾಲಯದ ಮೆಡಿಕಲ್ ಸೆಂಟರ್‌ಗೆ. ಅದರ ಮೊದಲ ಕ್ಲೇಮನ್ನ ಹೆಚ್ಚುಕಮ್ಮಿ ಹೀಗೆ ಕನ್ನಡಕ್ಕೆ ತರಬಹುದು: ರೋಗಿಯ ಗಾಯ ಮಾಯುವುದನ್ನು ಉತ್ತೇಜಿಸುವ ಒಂದು ವಿಧಾನ, ಇದರಲ್ಲಿ ಮುಖ್ಯವಾಗಿ, ಪರಿಣಾಮಕಾರಿ ಪ್ರಮಾಣದ ಅರಿಶಿನ ಪುಡಿಯಷ್ಟೇ ಇರುವ ಗಾಯ ಮಾಯಿಸುವ ದ್ರವ್ಯವನ್ನು ಸದರಿ ರೋಗಿಗೆ ನೀಡುವುದು.

ಎರಡು ಸಲ ಓದಿ. ಮಂಡಿ ತರಚಿಕೊಂಡು ಬಂದ ಮಗುವಿಗೆ ಅಜ್ಜಿ ಒಂದು ಚಿಟಿಕೆ ಅರಿಶಿನ ಹಚ್ಚಿದ್ದು ಅದು. 'ಪರಿಣಾಮಕಾರಿ ಪ್ರಮಾಣ' ಅನ್ನೋದೇ ಚಿಟಿಕೆ.

ಇದು ಹೊಸದಲ್ಲ ಅನ್ನೋಕೆ ಅಜ್ಜಿಗೆ ಗೊತ್ತಿತ್ತು ಅಂದರೆ ಸಾಕಾಗಲ್ವಾ? ಆಗಿನ ಅಮೆರಿಕದ ಕಾನೂನಿನಲ್ಲಿ ಸಾಕಾಗುತ್ತಿರಲಿಲ್ಲ. ಬೇರೆ ದೇಶದಲ್ಲಿ ಸುಮ್ನೆ ಬಳಕೆಯಲ್ಲಿದ್ದರೆ ಲೆಕ್ಕಕ್ಕಿಲ್ಲ, ಎಲ್ಲಾದರೂ ಅಚ್ಚಾಗಿರಬೇಕಿತ್ತು. ಹಾಗಾಗಿ ನಮ್ಮ ಸರ್ಕಾರಿ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ನವರು 1996ರಲ್ಲಿ ತಕರಾರು ಹಾಕಿದಾಗ ಹಳೇ ಸಂಸ್ಕೃತ ಗ್ರಂಥಗಳ ಜೊತೆಗೆ 1953ರ ಒಂದು ವೈದ್ಯಕೀಯ ಪತ್ರಿಕೆಯ ಲೇಖನವನ್ನೂ ಹುಡುಕಿ ಇಟ್ಟರು. 1997ರಲ್ಲಿ ಪೇಟೆಂಟ್ ರದ್ದಾಯಿತು. ಆಮೇಲೆ ಶುರುವಾಗಿದ್ದೇ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ, ಟಿಕೆಡಿಎಲ್. ಹಳೇ ವೈದ್ಯ ಗ್ರಂಥಗಳ ಮದ್ದುಗಳನ್ನ ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿಗೆ ಇಳಿಸಿ, ಪೇಟೆಂಟ್ ಪರಿಶೀಲಿಸೋರು ಹುಡುಕಿದರೆ ಸಿಗೋ ಹಾಗೆ ವರ್ಗ ಮಾಡಿ ಇಟ್ಟಿದ್ದಾರೆ. ಅಂದ್ರೆ ಅಜ್ಜಿ ಮದ್ದನ್ನ ಕಾಪಾಡೋಕೆ ಅಜ್ಜಿ ಮದ್ದಿಗೂ ಚೆಕ್ಕುಬಂದಿ ಬರೀಬೇಕಾಯ್ತು.

ಎಲ್ಲವೂ ಹೀಗೆ ಹೊಟ್ಟೆ ಉರಿಸೋವೇ ಇರಲ್ಲ. 2002ರಲ್ಲಿ ಅಮೆರಿಕದವರು ಉಯ್ಯಾಲೆ ಆಡೋ ಒಂದು ವಿಧಾನಕ್ಕೆ ಪೇಟೆಂಟ್ ಕೊಟ್ಟರು, ಒಬ್ಬ ಪುಟ್ಟ ಹುಡುಗನ ಹೆಸರಿಗೆ. ಒಂದು ಸಲ ಈ ಸರಪಳಿ, ಒಂದು ಸಲ ಆ ಸರಪಳಿ ಎಳೆದು ಅಕ್ಕಪಕ್ಕಕ್ಕೆ ತೂಗೋದು. ಹಾಗೆ ತೂಗುವಾಗ ಬೇಕಿದ್ದರೆ ಟಾರ್ಜಾನ್ ಥರ ಕೂಗಬಹುದು, ಆದರೆ ನಿಜವಾದ ಕಾಡು ಇರಲೇಬೇಕು ಅಂತಿಲ್ಲ ಅಂತ ಗಂಭೀರವಾಗಿ ಬರೆದಿದೆ! ಆಮೇಲೆ ಮರುಪರಿಶೀಲನೆಯಲ್ಲಿ ಅದು ಬಿದ್ದುಹೋಯಿತು. ಅದೇ ವರ್ಷದ ಇನ್ನೊಂದು, 'ಪ್ರಾಣಿಯ ಆಟಿಕೆ'. ನಾಯಿ ಎತ್ತಿ ತರಲು, ಹೊರಲು ಅಥವಾ ಅಗಿಯಲು ಒಂದು ಸಾಧನ, ಅದಕ್ಕೊಂದು ಮುಖ್ಯ ಭಾಗ, ಅದರಿಂದ ಹೊರಟ ಕೊಂಬೆಯಂತೆ ಕಾಣುವ ಕನಿಷ್ಠ ಒಂದು ಚಾಚು. ಚಿತ್ರ ನೋಡಿದರೆ ಕೋಲು.

ಈ ರೋಗ ಅಂಟಿಕೊಂಡು ನಾನೂ ಒಂದು ಬರೆದೆ. ಓದಿ:

"1. ಕತ್ತರಿಸುವ ಒಂದು ಸಾಧನ, ಇದರಲ್ಲಿ: ಬಳಕೆದಾರರ ದೇಹಭಾರದಿಂದ ನೆಲದ ಮೇಲೆ ಅಲುಗದೆ ನಿಲ್ಲುವ ಒಂದು ಆಧಾರ ಫಲಕ, ಸದರಿ ಫಲಕದ ಒಂದು ತುದಿಯಿಂದ ಮೇಲಕ್ಕೆ ಎದ್ದಿರುವ ಒಂದು ಬಾಗಿದ ಅಲಗು, ಸದರಿ ಅಲಗಿನ ಹರಿತ ಅಂಚು ಸದರಿ ಬಳಕೆದಾರರ ಕಡೆಗೇ ತಿರುಗಿದ್ದು, ಅಲಗು ಸ್ಥಿರವಾಗಿದ್ದು ಕತ್ತರಿಸಬೇಕಾದ ವಸ್ತುವೇ ಚಲಿಸತಕ್ಕದ್ದು. 2. ಕ್ಲೇಮ್ 1ರ ಸಾಧನವೇ, ಆದರೆ ಸದರಿ ಅಲಗಿನ ತುದಿಯಲ್ಲಿ ಒಂದಕ್ಕಿಂತ ಹೆಚ್ಚು ಹಲ್ಲುಗಳುಳ್ಳ ಚಪ್ಪಟೆ ಭಾಗವಿದ್ದು, ಗಟ್ಟಿ ಚಿಪ್ಪಿನ ಫಲದ ಒಳತಿರುಳನ್ನು ತುರಿಯಲು ಬರುವಂಥದ್ದು."

ಅಮ್ಮನಿಗೆ ಓದಿ ಹೇಳಿದೆ. ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದರು, ಅದರ ಮೇಲೇ. "ಈಳಿಗೆ ಮಣೆ ಅನ್ನೋಕೆ ಏನಾಗಿತ್ತೋ ನಿಂಗೆ?" ಅಂದರು. ಹೇಗೂ ಇದನ್ನ ಎಲ್ಲೂ ಕೊಡೋಕೆ ಆಗಲ್ಲ, ನಮ್ಮಲ್ಲಿ ಅರ್ಜಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕು.

ಇನ್ನು ಮಾವನ ವಿಷಯ. ಒಂದು ರಾತ್ರಿ ಹಳೇದೊಂದು ಸಿಕ್ಕಿತು. ಎರಡು ಮೊನೆ, ಒಂದು ಪೆಡಲ್. ಹೇಗಪ್ಪಾ ಹೇಳೋದು ಅಂತ ಎರಡು ದಿನ ಒದ್ದಾಡಿ, ಕೊನೆಗೆ ಪ್ರಿಂಟ್ ತಗೊಂಡು ಊರಿಗೇ ಹೋದೆ. ಮಾವ ಕ್ಲೇಮ್ ಹಾಳೆಗಳನ್ನ ನೋಡಲೂ ಇಲ್ಲ, ಪಕ್ಕಕ್ಕಿಟ್ಟರು. ಚಿತ್ರದ ಹಾಳೆ ಮಾತ್ರ ಬಿಸಿಲಿಗೆ ಹಿಡಿದು, ಕನ್ನಡಕ ಮೇಲೆ ಕೆಳಗೆ ಮಾಡಿ, ಬಾಣದ ಗುರುತುಗಳ ಮೇಲೆ ಬೆರಳಾಡಿಸುತ್ತಾ ಕೂತರು. ಬೇಜಾರಾಯ್ತಾ ಮಾವ ಅಂತ ಕೇಳಿದೆ.

"ಇವ್ನು ನೋಡು, ಹಿಂದಕ್ಕೆ ಎಳೆಯೋಕೆ ಸ್ಪ್ರಿಂಗ್ ಹಾಕಿದಾನೆ. ನಾನು ಸುಮ್ನೆ ಕಾಲಲ್ಲೇ ಎತ್ತುತಾ ಇದೀನಿ." ಸ್ವಲ್ಪ ಹೊತ್ತು ಬಿಟ್ಟು, "ಇದನ್ನ ನಾವು ಹಾಕ್ಕೊಂಡ್ರೆ ಕೇಸ್ ಹಾಕ್ತಾನಾ?"

ಇಲ್ಲ ಮಾವ, ಅದರ ಅವಧಿ ಮುಗಿದು ಬಹಳ ವರ್ಷ ಆಯ್ತು, ಈಗ ಯಾರು ಬೇಕಾದರೂ ಮಾಡಿಕೊಳ್ಳಬಹುದು ಅಂದೆ. ಸಾಯಂಕಾಲವೇ ಪೇಟೆಗೆ ಹೋಗಿ ಹಳೇ ಬೈಕಿನ ಸ್ಪ್ರಿಂಗ್ ತಂದರು. ಆ ಹಾಳೆ ಈಗ ಶೆಡ್ಡಿನ ಗೋಡೆ ಮೇಲೆ ಕ್ಯಾಲೆಂಡರ್ ಪಕ್ಕದಲ್ಲಿದೆ. ಸ್ಪ್ರಿಂಗ್ ತೋರಿಸೋ ಬಾಣಕ್ಕೆ ಮಾತ್ರ ಪೆನ್ಸಿಲಲ್ಲಿ ಸುತ್ತು ಹಾಕಿದ್ದಾರೆ.